ಈ ದಾರಿ ಯಾರದು ಮಿಸ್? – ದೇವರಾಯನದುರ್ಗದಲ್ಲಿ ಮೂರು ದಿನದ ಪೌರನೀತಿ

ಪೌರನೀತಿಯಲ್ಲಿ ಒಂದು ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಗ್ರಾಮ ಪಂಚಾಯಿತಿಯ ಕೆಲಸಗಳೇನು? ಮಕ್ಕಳು ಐದು ಅಂಶ ಬರೆಯುತ್ತಾರೆ. ಕುಡಿಯುವ ನೀರು, ಬೀದಿ ದೀಪ, ರಸ್ತೆ, ಚರಂಡಿ, ನೈರ್ಮಲ್ಯ. ಎಲ್ಲರದೂ ಅದೇ ಐದು, ಅದೇ ಸಾಲಿನಲ್ಲಿ. ಹೋದ ವರ್ಷ ಏಳನೇ ಕ್ಲಾಸಿನ ಹುಡುಗನೊಬ್ಬ ಉತ್ತರ ಪತ್ರಿಕೆ ವಾಪಸ್ ತಗೊಳ್ಳುವಾಗ ಕೇಳಿದ: "ಮಿಸ್, ಪಂಚಾಯಿತಿ ನೋಡೋಕೆ ಹೆಂಗಿರುತ್ತೆ?"

ಅವನಿಗೆ ಐದಕ್ಕೆ ಐದು ಬಂದಿತ್ತು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ನಮ್ಮ ಶಾಲೆ ಇರುವುದು ತುಮಕೂರು ಪೇಟೆಯೊಳಗೆ. ಮಕ್ಕಳೆಲ್ಲ ಪೇಟೆಯಲ್ಲೇ ಬೆಳೆದವರು. ಆದರೆ ಹದಿನೈದು ಹದಿನಾರು ಕಿಲೋಮೀಟರ್ ಆಚೆ ದೇವರಾಯನದುರ್ಗ ಇದೆ. ಆ ಬೆಟ್ಟಕ್ಕೆ ಹೋಗುವ ದಾರಿ ಊರು ದಾಟುತ್ತದೆ, ಹೊಲ ದಾಟುತ್ತದೆ, ಕಾಡು ಹೊಕ್ಕು ದೇವಸ್ಥಾನದ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ. ದಾರಿ ಒಂದೇ, ನೋಡಿಕೊಳ್ಳುವ ಕೈ ಬೇರೆ ಬೇರೆ. ಇದಕ್ಕಿಂತ ಒಳ್ಳೆ ಪಾಠದ ಪುಸ್ತಕ ಎಲ್ಲಿ ಸಿಗುತ್ತದೆ ಅನ್ನಿಸಿತು.

ಡಿಸೆಂಬರ್‌ನಲ್ಲಿ ಗುರುವಾರದಿಂದ ಶನಿವಾರ ಅಂತ ಗೊತ್ತು ಮಾಡಿದೆವು. ಭಾನುವಾರ ಬೆಟ್ಟದ ತುಂಬ ಜನ, ಕಚೇರಿಗಳಿಗೆ ಬೀಗ. ಎರಡನೇ, ನಾಲ್ಕನೇ ಶನಿವಾರವೂ ಹಾಗೇ. ಮಕ್ಕಳಿಗೆ ಕಚೇರಿ ತೋರಿಸಬೇಕು ಅಂದರೆ ಇದನ್ನು ಮೊದಲೇ ನೋಡಿಕೊಳ್ಳಬೇಕು. ಅರಣ್ಯ ಇಲಾಖೆಯ ಅನುಮತಿ, ಪಂಚಾಯಿತಿಗೆ ಪತ್ರ, ಮನೆಯವರ ಒಪ್ಪಿಗೆ ಎಲ್ಲ ಆಯಿತು. 24 ಮಕ್ಕಳು, ಮೂವರು ಶಿಕ್ಷಕರು, ಜೊತೆಗೆ ಬರುತ್ತೇನೆ ಅಂದ ಒಬ್ಬ ತಾಯಿ.

ಮಕ್ಕಳನ್ನು ನಾಲ್ಕು ನಾಲ್ಕು ಜನರ ಆರು ಗುಂಪು ಮಾಡಿದೆ. ಒಂದೊಂದು ಗುಂಪಿಗೆ ಒಂದೊಂದು ಇಲಾಖೆ. ಅರಣ್ಯ, ಪಂಚಾಯಿತಿ, ಲೋಕೋಪಯೋಗಿ, ಮುಜರಾಯಿ, ಕಂದಾಯ, ಪೊಲೀಸ್. ದಾರಿಯಲ್ಲಿ ಏನೇ ಕಂಡರೂ 'ಇದು ಯಾರದು?' ಅಂತ ಕೇಳಬೇಕು. ನಮ್ಮದು ಅನ್ನಿಸಿದ ಗುಂಪು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ನಿಯಮ ಅಷ್ಟೇ.

ಗುರುವಾರ: ಬಸ್ಸು, ರಾಗಿ, ನಾಮದ ಚಿಲುಮೆ

ಶಾಲೆಯ ವ್ಯಾನು ಬೇಡ, ಸರ್ಕಾರಿ ಬಸ್ಸಲ್ಲೇ ಹೋಗೋಣ ಅಂತ ನಾನೇ ಹಟ ಹಿಡಿದಿದ್ದೆ. ಆ ಕಡೆಗೆ ಬಸ್ಸು ಜಾಸ್ತಿ ಇಲ್ಲ. ಬೆಳಗಿನ ಬಸ್ಸು ತಪ್ಪಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಏಳು ಗಂಟೆಗೇ ನಿಲ್ದಾಣದಲ್ಲಿದ್ದೆವು. ಕ್ಯಾತ್ಸಂದ್ರದಿಂದ ಕಟ್ಟಿಸಿಕೊಂಡು ಬಂದಿದ್ದ ತಟ್ಟೆ ಇಡ್ಲಿ ಚೀಲದಲ್ಲಿ ಇನ್ನೂ ಬಿಸಿಯಾಗಿತ್ತು.

ಪಾಠ ಬಸ್ಸಲ್ಲೇ ಶುರುವಾಯಿತು. ಕಂಡಕ್ಟರ್ ಹುಡುಗಿಯರ ಆಧಾರ್ ನೋಡಿ ಶೂನ್ಯ ಟಿಕೆಟ್ ಕೊಡುತ್ತಾ ಬಂದರು. ಹುಡುಗರಿಗೆ ದುಡ್ಡಿನ ಟಿಕೆಟ್. "ನಮಗ್ಯಾಕಿಲ್ಲ ಮಿಸ್?" ಅಂತ ಹಿಂದಿನ ಸೀಟಿನಿಂದ ಕೂಗು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು, ಹೆಂಗಸರು ಮನೆಯಿಂದ ಹೊರಗೆ ಬರಲಿ, ಕೆಲಸಕ್ಕೆ, ಓದಿಗೆ ಹೋಗಲಿ ಅಂತ ಮಾಡಿದ್ದು ಅಂತ ಹೇಳಿದೆ. ವಾದ ಬಿಸಿಯಾಗುವಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳ ಹತ್ತಿರ ಬಂದು ಕಂಡಕ್ಟರ್ ನಿಂತರು. ಅವಳ ಆಧಾರ್ ಆಂಧ್ರದ ಹಿಂದೂಪುರದ್ದು. ಅಪ್ಪ ಅಮ್ಮ ಎರಡು ವರ್ಷದ ಹಿಂದೆ ಕೆಲಸಕ್ಕೆಂದು ತುಮಕೂರಿಗೆ ಬಂದವರು. ಯೋಜನೆ ಕರ್ನಾಟಕದವರಿಗೆ ಮಾತ್ರ. ಕಂಡಕ್ಟರ್ ಮೆತ್ತಗೆ "ಟಿಕೆಟ್ ತಗೋಬೇಕಮ್ಮ" ಅಂದರು. ಅವಳು ಚಿಲ್ಲರೆ ಎಣಿಸಿ ಕೊಟ್ಟಳು. ಹದಿಮೂರು ಹುಡುಗಿಯರ ಕೈಯಲ್ಲಿ ಶೂನ್ಯ ಟಿಕೆಟ್, ಒಬ್ಬಳ ಕೈಯಲ್ಲಿ ಬೇರೆ. ಅಲ್ಲಿಂದ ಮುಂದೆ ಹುಡುಗರು ವಾದ ಮಾಡಲಿಲ್ಲ. ಅವಳು ಕಿಟಕಿ ಕಡೆ ತಿರುಗಿ ಕೂತಳು. ನಾನು ಹೋಗಿ ಪಕ್ಕ ಕೂತೆ. ನಿಯಮ ತಪ್ಪು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ರಾಜ್ಯದ ಖಜಾನೆಯಿಂದ ಕೊಡುವ ದುಡ್ಡು, ಎಲ್ಲೋ ಒಂದು ಗೆರೆ ಎಳೆಯಬೇಕು. ಆದರೆ ಗೆರೆಯ ಆಚೆ ಬದಿಯಲ್ಲಿ ನಿಂತವಳು ಹನ್ನೆರಡು ವರ್ಷದ ಮಗು, ಅಲ್ವಾ?

ಬೆಟ್ಟಕ್ಕೆ ಇನ್ನೂ ಸಾಕಷ್ಟು ದೂರ ಇರುವಾಗಲೇ ಒಂದು ಊರಲ್ಲಿ ಇಳಿದು ನಡೆದೆವು. ಚಳಿ ಇತ್ತು. ಹೊಲದ ಮೇಲೆ ಇಬ್ಬನಿ. ರಾಗಿ ಕೊಯ್ಲು ಮುಗಿದು ಬಣವೆಗಳು ಎದ್ದಿದ್ದವು. ಊರು ದಾಟುತ್ತಿದ್ದ ಹಾಗೆ ಟಾರ್ ರಸ್ತೆಯ ಮೇಲೆ ಉದ್ದಕ್ಕೂ ರಾಗಿ ಹುಲ್ಲು ಹರಡಿತ್ತು. ಒಂದು ಟೆಂಪೋ ಬಂತು, ಹುಲ್ಲಿನ ಮೇಲೇ ಹರಿದು ಹೋಯಿತು. ಹಿಂದೆಯೇ ಒಂದು ಬೈಕು. ಬೈಕಿನವನು ಜಾರಿದ, ಕಾಲು ಊರಿ ಸುಧಾರಿಸಿಕೊಂಡ, ಬೈದುಕೊಂಡೇ ಹೋದ. ರಸ್ತೆ ಬದಿಯಲ್ಲಿ ಮೊರ ಹಿಡಿದ ಅಜ್ಜ, ಅವರ ಸೊಸೆ.

ಲೋಕೋಪಯೋಗಿ ಗುಂಪಿನ ಹುಡುಗ ಅಧಿಕಾರಿಯ ಗತ್ತಿನಲ್ಲೇ ಹೋದ. "ತಾತ, ಇದು ರಸ್ತೆ. ಇಲ್ಲಿ ಹಾಕಬಾರದು. ಆ ಅಂಕಲ್ ಬೀಳ್ತಿದ್ರು."

ಅಜ್ಜ ಸಿಟ್ಟಾಗಲಿಲ್ಲ. ಮೊರ ಕೆಳಗಿಟ್ಟು ಹೇಳಿದರು. "ಹೌದು ಮಗ, ತಪ್ಪೇ. ಆದ್ರೆ ಕಣ ಎಲ್ಲಿದೆ? ನಮ್ಮಪ್ಪನ ಕಾಲಕ್ಕೆ ಊರಿಗೇ ಕಣ ಇತ್ತು. ಸಗಣಿ ಹಾಕಿ ಸಾರಿಸ್ತಿದ್ವಿ, ಎತ್ತು ಕಟ್ಟಿ ರೋಣಗಲ್ಲು ಹೊಡೀತಿದ್ವಿ. ಈಗ ಎತ್ತು ಇಲ್ಲ, ಆ ಜಾಗದಲ್ಲಿ ಮನೆಗಳಾಗವೆ. ಮಿಷನ್ನಿಗೆ ಗಂಟೆ ಲೆಕ್ಕ. ನಂದು ಮುಕ್ಕಾಲು ಎಕರೆ ರಾಗಿ."

ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಮಕ್ಕಳು ರಸ್ತೆ ಬದಿಯಲ್ಲಿ ನಿಂತೇ ಜಗಳಕ್ಕೆ ಬಿದ್ದರು. ರಸ್ತೆ ಗಾಡಿಗಳದ್ದು ಅಂತ ಕೆಲವರು. ತೆರಿಗೆ ತಾತನೂ ಕೊಡ್ತಾರೆ, ಅವರದೂ ಹೌದು ಅಂತ ಕೆಲವರು. ಬೈಕಿನವನು ಬಿದ್ದು ತಲೆ ಒಡೆದಿದ್ದರೆ ಯಾರು ಹೊಣೆ ಅಂತ ಪೊಲೀಸ್ ಗುಂಪು. ಕಂದಾಯ ಗುಂಪಿನ ಒಬ್ಬಳು ಮಾತ್ರ ಅಜ್ಜನ ಹತ್ತಿರ ಕೂತು ಬೇರೆ ಪ್ರಶ್ನೆ ಕೇಳುತ್ತಿದ್ದಳು: "ಕಣ ಇದ್ದ ಜಾಗ ಯಾರದಿತ್ತು ತಾತ?" ಅಜ್ಜ ಕೈ ತೋರಿಸಿ ಏನೋ ವಿವರಿಸುತ್ತಿದ್ದರು. ಹೊರಡುವಾಗ ಅವರ ಸೊಸೆ ಎಲ್ಲರ ಬೊಗಸೆಗೂ ಸುಟ್ಟ ಕಡಲೆಕಾಯಿ ಹಾಕಿದರು. ಮಸಿ ಬಳಿದ ಬೆರಳಲ್ಲೇ ಮಕ್ಕಳು ನೋಟ್‌ಬುಕ್ ಬರೆದರು. ಆ ಪುಟಗಳು ಈಗಲೂ ಕಪ್ಪಗಿವೆ.

ಊರಿನ ಕೊನೆಯಲ್ಲಿ ಒಂದು ನಲ್ಲಿ. ತಿರುಗಿಸಿದರೆ ನೀರಿಲ್ಲ. ಪಂಚಾಯಿತಿ ಗುಂಪು ಅಲ್ಲೇ ಒಂದು ದೂರು ಬರೆದು ಇಟ್ಟುಕೊಂಡಿತು.

ನಾಮದ ಚಿಲುಮೆಗೆ ಬಂದಾಗ ಬಿಸಿಲು ಏರಿತ್ತು. ಬಂಡೆಯೊಳಗಿಂದ ನೀರು ಬರುವ ಜಾಗ ತುಂಬಾ ಚಿಕ್ಕದು. ದೊಡ್ಡ ಜಲಪಾತ ನೆನೆಸಿಕೊಂಡು ಬಂದ ಮಕ್ಕಳಿಗೆ ಮೊದಲು ನಿರಾಸೆಯಾಯಿತು. ರಾಮ ಹಣೆಗೆ ನಾಮ ಹಚ್ಚಿಕೊಳ್ಳಲು ನೀರು ಹುಡುಕಿ ಸಿಗದೆ, ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಅನ್ನುವುದು ಇಲ್ಲಿನ ಕಥೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ಸುತ್ತ ಕಾಡು ಇರುವುದರಿಂದಲೇ ಈ ಚಿಲುಮೆ ಉಳಿದಿದೆ ಅಂತ ಜೊತೆಗಿದ್ದ ಅರಣ್ಯ ಇಲಾಖೆಯ ಗಾರ್ಡ್ ಹೇಳಿದರು. ಮಳೆ ಎಲೆ ಮೇಲೆ ಬಿದ್ದು, ತರಗಿನೊಳಗೆ ಇಳಿದು, ಬಂಡೆ ಸೀಳಲ್ಲಿ ಹರಿದು ಬರುವ ಬಗೆಯನ್ನು ಕೈಯಲ್ಲೇ ತೋರಿಸಿದರು. ನಾನು ಕಪ್ಪು ಹಲಗೆಯ ಮೇಲೆ ಇಷ್ಟು ಚೆನ್ನಾಗಿ ಹೇಳಿದ್ದು ನೆನಪಿಲ್ಲ.

ಅವರು ಮಕ್ಕಳಿಗೇ ತಿರುಗಿ ಕೇಳಿದರು. "ಈ ಕಾಡು ಯಾರದು?"

"ಸರ್ಕಾರದ್ದು!"

"ಯಾವ ಸರ್ಕಾರದ್ದು?"

ಎಲ್ಲರೂ ಸುಮ್ಮನಾದರು. ನಾನು ಬಾಯಿ ಹಾಕಿದೆ. ಮೊದಲು ಕಾಡು ರಾಜ್ಯಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಈಗ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಅದೇ ತಿದ್ದುಪಡಿಯಲ್ಲಿ 51ಎ ವಿಧಿ ಬಂತು. ಕಾಡು, ಕೆರೆ, ನದಿ, ವನ್ಯಜೀವಿ ಕಾಪಾಡುವುದು ಪ್ರಜೆಗಳ ಕರ್ತವ್ಯ ಅಂತ ಅದರಲ್ಲಿದೆ. ಗಾರ್ಡ್ ತಲೆ ಅಲ್ಲಾಡಿಸಿದರು. "ಅದೆಲ್ಲ ಸರಿ ಮೇಡಂ. ಜನವರಿ ಹೊತ್ತಿಗೆ ನಾವು ಬೆಂಕಿ ಹರಡದ ಹಾಗೆ ಬೆಂಕಿ ರೇಖೆ ಕಡೀತೀವಿ. ಆಗ ಬಂದು ನೋಡ್ಲಿ ಮಕ್ಕಳು. ಒಂದು ಬೀಡಿ ತುಂಡು ಸಾಕು, ಇಡೀ ಗುಡ್ಡ ಹೋಗುತ್ತೆ."

ಅಲ್ಲಿಂದ ದುರ್ಗದ ಕಡೆ ಕಾಡಿನ ನಡುವಿನ ರಸ್ತೆಯಲ್ಲಿ ನಡಿಗೆ. ಚಿರತೆ, ಕರಡಿ ಇರುವ ಕಾಡು. ಹಾಗಾಗಿ ಹಗಲು ಹೊತ್ತಲ್ಲೇ, ಗುಂಪಾಗಿ, ಗಾರ್ಡ್ ಮುಂದೆ ಇರುವ ಹಾಗೆ. ಒಂದು ತಿರುವಿನಲ್ಲಿ ಮರದ ದೊಡ್ಡ ಕೊಂಬೆ ಮುರಿದು ರಸ್ತೆಗೆ ಅಡ್ಡ ಬಿದ್ದಿತ್ತು. ಆಗ ನೋಡಬೇಕಿತ್ತು. ಮೊದಲು ನಾಲ್ಕು ಗುಂಪು 'ನಮ್ಮದು' ಅಂತ ಬರೆದುಕೊಂಡವು. ಮರ ಅರಣ್ಯದ್ದು, ರಸ್ತೆ ಲೋಕೋಪಯೋಗಿಯದು, ಓಡಾಟಕ್ಕೆ ತೊಂದರೆ ಅಂದರೆ ಪೊಲೀಸ್, ದೇವಸ್ಥಾನಕ್ಕೆ ಹೋಗುವ ದಾರಿ ಅಂತ ಮುಜರಾಯಿ. ಹಾಗಾದರೆ ತೆಗೆಸುವವರು ಯಾರು ಅಂತ ಕೇಳಿದೆ. ನಾಲ್ಕೂ ಗುಂಪು ಬರೆದದ್ದನ್ನು ಹೊಡೆದು ಹಾಕಿದವು. ಅಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಲ್ಲಿ ಬಂದ ಇಬ್ಬರು ಇಳಿದು, ಗಾರ್ಡ್ ಜೊತೆ ಸೇರಿ ಕೊಂಬೆ ಎಳೆದು ಬದಿಗೆ ಹಾಕಿಯೇ ಬಿಟ್ಟರು. ಸೌದೆಗೆ ಒಯ್ಯಲಿಲ್ಲ. "ಕಾಡಿನ ಮರ ಕಾಡಲ್ಲೇ ಇರ್ಬೇಕು" ಅಂದು ಹೊರಟರು. ಆ ಸಂಗತಿ ಯಾರ ನೋಟ್‌ಬುಕ್ಕಿಗೆ ಸೇರಬೇಕು ಅಂತ ತೀರ್ಮಾನವಾಗಲಿಲ್ಲ. ಕೊನೆಗೆ ಆರೂ ಗುಂಪು ಬರೆದುಕೊಂಡವು.

ರಾತ್ರಿ ಬೆಟ್ಟದ ಕೆಳಗೆ ಒಂದು ಛತ್ರದಲ್ಲಿ ಉಳಿದೆವು. ಹಿತಕಿದ ಅವರೆಬೇಳೆ ಸಾರು, ಮುದ್ದೆ. ಪೇಟೆಯ ಮಕ್ಕಳು ಮುದ್ದೆ ತಿನ್ನುತ್ತಾರೋ ಇಲ್ಲವೋ ಅಂತ ನನಗೆ ಅಳುಕಿತ್ತು. ಬೆಳಿಗ್ಗೆ ಅಜ್ಜನ ರಾಗಿ ನೋಡಿದ್ದರಿಂದಲೋ ಏನೋ, ಎಲ್ಲರೂ ತಿಂದರು. ಅಡುಗೆಯಮ್ಮ ಎರಡನೇ ಸಲ ಎಸರಿಟ್ಟರು.

ಶುಕ್ರವಾರ: ಬೆಟ್ಟದ ತುದಿ, 740 ಮಿಲಿ ನೀರು

ಬೆಳಿಗ್ಗೆ ಆರೂವರೆಗೆ ಎದ್ದರೆ ಎದುರಿನ ಗೋಪುರವೇ ಕಾಣದಷ್ಟು ಮಂಜು. ಸ್ವೆಟರ್ ಮರೆತ ಮೂರು ಮಕ್ಕಳಿಗೆ ಛತ್ರದ ಕಂಬಳಿ ಹೊದಿಸಿ ಹೊರಟೆವು. ಡಿಸೆಂಬರ್‌ನಲ್ಲಿ ಬರುವವರು ಟೋಪಿಯನ್ನೂ ಹಿಡಿದುಕೊಂಡೇ ಬನ್ನಿ.

ಕೆಳಗೆ ಭೋಗಾನರಸಿಂಹ, ತುದಿಯಲ್ಲಿ ಯೋಗಾನರಸಿಂಹ. ನಡುವೆ ಹತ್ತುವ ದಾರಿ. ಬಂಡೆ ಇಬ್ಬನಿಗೆ ಜಾರುತ್ತಿತ್ತು. ಸವೆದ ಚಪ್ಪಲಿಯಲ್ಲಿ ಬಂದ ಹುಡುಗನೊಬ್ಬನ ಅಟ್ಟೆ ಅರ್ಧದಲ್ಲೇ ಕಿತ್ತು ಬಂತು. ಜೊತೆಗೆ ಬಂದಿದ್ದ ತಾಯಿ ಸೆರಗಿನ ಪಿನ್ನು, ತಲೆಗೆ ಕಟ್ಟುವ ಟೇಪು ಹಾಕಿ ಬಿಗಿದು ಕೊಟ್ಟರು. ಅದು ಮೂರನೇ ದಿನದವರೆಗೂ ಬಂತು.

ಹತ್ತುತ್ತಾ ಬೆಟ್ಟದ ಹೆಸರಿನ ಕಥೆ ಹೇಳಿದೆ. ಮೊದಲು ಆನೆಬಿದ್ದಸರಿ. ಆಮೇಲೆ ಜಡಕ ಅನ್ನುವ ಪಾಳೇಗಾರನ ಕಾಲಕ್ಕೆ ಜಡಕನದುರ್ಗ. 1696ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ. "ಗೆದ್ದವರು ಹೆಸರು ಬದಲಾಯಿಸಿದಾಗ ಇಲ್ಲಿದ್ದ ಜನರನ್ನ ಕೇಳಿದ್ರಾ ಮಿಸ್?" ಅಂತ ಒಬ್ಬಳು ಕೇಳಿದಳು. ಆಗ ಕೇಳುವ ಪದ್ಧತಿ ಇರಲಿಲ್ಲ ಅಂದೆ. "ಈಗ?" ಅಂದಳು. ಈಗ ಊರಿನ ಹೆಸರು ಬದಲಾಯಿಸಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು, ನಮ್ಮ ತುಮ್ಕೂರು ತುಮಕೂರು ಆಗಿದ್ದು 2014ರ ನವೆಂಬರ್ 1ಕ್ಕೆ ಅಂತ ಹೇಳಿದೆ. ತಾವು ಹುಟ್ಟಿದ ಮೇಲಿನ ಬದಲಾವಣೆಯೋ ಮುಂಚಿನದೋ ಅಂತ ಮಕ್ಕಳು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು.

ಕೋತಿಗಳ ವಿಚಾರ ಹೇಳಲೇಬೇಕು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಬಿಡುವುದಿಲ್ಲ. ಎಲ್ಲವನ್ನೂ ಬೆನ್ನಿನ ಚೀಲದಲ್ಲಿ ಜಿಪ್ ಹಾಕಿ ಇಡಿ ಅಂತ ಹತ್ತು ಸಲ ಹೇಳಿದ್ದೆ. ಆದರೂ ಮೆಟ್ಟಿಲ ತಿರುವಿನಲ್ಲಿ ಒಂದು ಗಡವ ಬಂದು ಪುಳಿಯೋಗರೆಯ ಪೊಟ್ಟಣವನ್ನು ಹುಡುಗಿಯ ಕೈಯಿಂದಲೇ ಕಿತ್ತುಕೊಂಡಿತು. ಅದರ ಜೊತೆ ಕಂದಾಯ ಇಲಾಖೆಯ ನೋಟ್‌ಬುಕ್ಕೂ ಹೋಯಿತು. ಪುಳಿಯೋಗರೆ ಸಿಗಲಿಲ್ಲ. ಪುಸ್ತಕ ಬಂಡೆಯ ಕೆಳಗೆ ಬಿದ್ದಿತ್ತು, ಎರಡು ಹಾಳೆ ಹರಿದಿತ್ತು. ಅಜ್ಜನ ಕಣದ ಜಾಗದ ನಕ್ಷೆ ಇದ್ದ ಹಾಳೆ ಉಳಿದಿತ್ತು. ಆ ಹುಡುಗಿ ಅಳು ನಿಲ್ಲಿಸಿದ್ದು ಅದನ್ನು ನೋಡಿದ ಮೇಲೇ.

ತುದಿಗೆ ಬಂದಾಗ ಒಂಬತ್ತೂವರೆ. ಸುಮಾರು 3,900 ಅಡಿ ಎತ್ತರ. ಮಂಜು ಸರಿಯತೊಡಗಿತ್ತು. ಒಂದು ಕಡೆ ಬಿಳಿ ಮೋಡ ಹಾಸಿದ ಹಾಗೆ, ಇನ್ನೊಂದು ಕಡೆ ಹೊಲ, ಕೆರೆ, ತೋಟ ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಕಾಲು ಗಂಟೆ ಯಾರೂ ಮಾತಾಡಲಿಲ್ಲ. ನಾನೂ ಪಾಠ ಶುರು ಮಾಡಲಿಲ್ಲ.

ಆಮೇಲೆ ಬಂಡೆಯ ಮೇಲೆ ಕೂತು ಹೇಳಿದೆ. ಈ ಬೆಟ್ಟ ಎರಡು ನದಿಗಳ ತವರು. ದಕ್ಷಿಣದ ಇಳಿಜಾರಲ್ಲಿ ಹುಟ್ಟುವುದು ಶಿಂಷಾ. ಅದು ಕುಣಿಗಲ್ ಸೀಮೆ, ಮದ್ದೂರು ದಾಟಿ 221 ಕಿಲೋಮೀಟರ್ ಹರಿದು ಕಾವೇರಿ ಸೇರುತ್ತದೆ. ಇನ್ನೊಂದು ಕಡೆ ಹುಟ್ಟುವುದು ಜಯಮಂಗಲಿ. ಅದು ಕೊರಟಗೆರೆ, ಮಧುಗಿರಿ ಕಡೆ ಹೋಗಿ ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಮೋಡದ ಮಳೆ. ಈ ಬದಿ ಬಿದ್ದ ಹನಿ ತಮಿಳುನಾಡಿಗೆ, ಆ ಬದಿ ಬಿದ್ದ ಹನಿ ಆಂಧ್ರಕ್ಕೆ.

"ನಮ್ಮ ಮನೆ ನಲ್ಲಿಗೆ ಯಾವುದು ಬರುತ್ತೆ?" ಅಂತ ಒಬ್ಬ ಕೇಳಿದ. ಎರಡೂ ಅಲ್ಲ. ತುಮಕೂರು ಪೇಟೆ ಕುಡಿಯುವುದು ಹಾಸನದ ಗೊರೂರು ಅಣೆಕಟ್ಟೆಯಿಂದ ಕಾಲುವೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ. ಗುಬ್ಬಿಯಲ್ಲಿ ಅಜ್ಜಿ ಮನೆ ಇರುವ ಹುಡುಗ ತಕ್ಷಣ ಹೇಳಿದ: "ಅದಕ್ಕೇ ಮಿಸ್, ಹೇಮಾವತಿ ನೀರನ್ನ ಕುಣಿಗಲ್ ಕಡೆ ಒಯ್ಯೋ ಲಿಂಕ್ ಕೆನಾಲ್ ಬೇಡ ಅಂತ ನಮ್ಮ ಮಾವ ಹೋರಾಟಕ್ಕೆ ಹೋಗಿದ್ರು." ಕುಣಿಗಲ್ಲಿನ ನೆಂಟರಿರುವ ಇನ್ನೊಬ್ಬಳು, "ನಮ್ಮ ದೊಡ್ಡಪ್ಪ ಕೆನಾಲ್ ಬೇಕೇ ಬೇಕು ಅಂತಾರೆ" ಅಂದಳು. ಒಂದೇ ಜಿಲ್ಲೆ, ಒಂದೇ ಬೆಂಚು. ಇಬ್ಬರನ್ನೂ ಪೂರ್ತಿ ಮಾತಾಡಲು ಬಿಟ್ಟೆವು.

ಅದಾದ ಮೇಲೆ ಚೀಲದಿಂದ ಲ್ಯಾಬಿನ ಅಳತೆ ಜಾಡಿ ತೆಗೆದೆ. ಬಾಟಲಿಯಲ್ಲಿ 740 ಮಿಲಿಲೀಟರ್ ನೀರು ಅಳೆದು ಇಟ್ಟೆ. ಕಾವೇರಿಯಲ್ಲಿ ಹಂಚಲು ಇರುವುದು 740 ಟಿಎಂಸಿ ಅಂತ ಲೆಕ್ಕ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಟಿಎಂಸಿಗೆ ಒಂದು ಮಿಲಿ. ನಾಲ್ಕು ಲೋಟ ಇಟ್ಟು, ನೀವೇ ಹಂಚಿ ಅಂದೆ. ಮೊದಲು ಸಮಪಾಲು ಅಂದರು. ಆಮೇಲೆ ಹೊಲ ಎಷ್ಟಿದೆ ಅಂತ ನೋಡಬೇಕು ಅಂದರು. ಕರ್ನಾಟಕದಲ್ಲಿ ಹುಟ್ಟಿದ್ದು, ನಮಗೇ ಜಾಸ್ತಿ ಅಂದ ಒಬ್ಬ. ಹಾಗಾದರೆ ಹೇಮಾವತಿ ಹಾಸನದ್ದು, ನೀನು ಯಾಕೆ ಕುಡೀತೀಯ ಅಂತ ಇನ್ನೊಬ್ಬಳು. ಅರ್ಧ ಗಂಟೆ ಕಳೆದರೂ ಹಂಚಿಕೆ ಮುಗಿಯಲಿಲ್ಲ.

ಆಗ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಹಂಚಿದ ಲೆಕ್ಕ ಓದಿದೆ. ತಮಿಳುನಾಡಿಗೆ 404.25. ಕರ್ನಾಟಕಕ್ಕೆ 284.75. ಕೇರಳಕ್ಕೆ 30. ಪುದುಚೇರಿಗೆ 7. ಒಬ್ಬೊಬ್ಬರಾಗಿ ಬಂದು ಅಳೆದು ಸುರಿದರು. ಏಳು ಮಿಲಿ ಅಂದರೆ ಬಾಟಲಿಯ ಒಂದು ಮುಚ್ಚಳದಷ್ಟು. ಎಲ್ಲ ಸುರಿದ ಮೇಲೂ ಬಾಟಲಿಯ ತಳದಲ್ಲಿ ಸ್ವಲ್ಪ ಉಳಿಯಿತು. 14 ಮಿಲಿ.

"ಇದು ಯಾರದು ಮಿಸ್?"

"ಹತ್ತು ಪರಿಸರಕ್ಕೆ. ನಾಲ್ಕು ಸಮುದ್ರಕ್ಕೆ."

"ನದಿಗೂ ಪಾಲು ಇದೆಯಾ?" ಅಂತ ಚಪ್ಪಲಿ ಕಿತ್ತ ಹುಡುಗ ಕೇಳಿದ. ತುಂಬಾ ಖುಷಿಯಿಂದ ಕೇಳಿದ. ಆ 14 ಮಿಲಿಯನ್ನು ಅವನೇ ಬಂಡೆಯ ಸಂದಿಯಲ್ಲಿ ಹುಟ್ಟಿದ್ದ ಒಂದು ಗಿಡದ ಬುಡಕ್ಕೆ ಹಾಕಿ ಬಂದ. ಉಳಿದ ನಾಲ್ಕೂ ಲೋಟಗಳ ನೀರನ್ನು ಬಾಯಾರಿದ ಮಕ್ಕಳು ಕುಡಿದು ಮುಗಿಸಿದರು. ಮೇಲೆ ಕುಡಿಯುವ ನೀರು ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ತಲೆಗೆ ಎರಡು ಲೀಟರ್ ಬೇಕೇ ಬೇಕು.

ಇಳಿಯುವಾಗ ಒಂದು ತೊರೆ ಸಿಕ್ಕಿತು. ಹೆಬ್ಬೆರಳು ಗಾತ್ರದ ನೀರು, ತರಗಿನ ಕೆಳಗೆ ಸದ್ದಿಲ್ಲದೆ ಹರಿಯುತ್ತಿತ್ತು. ಇದು ಜಯಮಂಗಲಿಯ ಬದಿ ಅಂತ ಗಾರ್ಡ್ ಹೇಳಿದರು. ಎರಡು ಜಡೆಯ ಹುಡುಗಿ ಕುಕ್ಕರಗಾಲಲ್ಲಿ ಕೂತು ಕೈ ಅದ್ದಿದಳು.

"ಇದು ಹಿಂದೂಪುರದ ಕಡೆ ಹೋಗುತ್ತಾ ಮಿಸ್? ನಮ್ಮ ಅಜ್ಜಿ ಅಲ್ಲೇ ಇರೋದು."

ಹೌದು ಅಂದೆ.

"ಇದಕ್ಕೆ ಆಧಾರ್ ಕೇಳಲ್ಲ ಅಲ್ವಾ?"

ಅವಳು ಸಿಟ್ಟಲ್ಲಿ ಹೇಳಿದ್ದಲ್ಲ. ಸುಮ್ನೆ, ಯೋಚನೆ ಮಾಡುತ್ತಾ ಹೇಳಿದಳು. ಪಕ್ಕದಲ್ಲಿದ್ದ ಹುಡುಗಿಯರು ಅವಳ ಜೊತೆ ತಾವೂ ಕೂತು ನೀರಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಒಂದು ಒಣಗಿದ ಎಲೆ ಬಿಟ್ಟು, ಅದು ಎಲ್ಲಿಯವರೆಗೆ ಹೋಗುತ್ತದೆ ಅಂತ ತೊರೆಯ ಪಕ್ಕ ಓಡುತ್ತಿದ್ದರು. ನನಗೆ ಅವತ್ತು ಇನ್ನೇನೂ ಹೇಳಿಕೊಡಬೇಕು ಅನ್ನಿಸಲಿಲ್ಲ.

ಶನಿವಾರ: ಪಂಚಾಯಿತಿ

ಬೆಳಿಗ್ಗೆ ಅದೇ ರಾಗಿ ಒಕ್ಕುತ್ತಿದ್ದ ಊರಿನ ಕಡೆ ವಾಪಸ್. ಪಂಚಾಯಿತಿ ಕಟ್ಟಡದ ಮುಂದೆ ಕಸದ ಗಾಡಿ ನಿಂತಿತ್ತು. ಸ್ವಚ್ಛ ವಾಹಿನಿ ಅಂತ ಬರೆದಿತ್ತು. ಓಡಿಸುವವರು ಒಬ್ಬ ಹೆಣ್ಣುಮಗಳು, ಸ್ತ್ರೀಶಕ್ತಿ ಸಂಘದವರು. ತರಬೇತಿಯಲ್ಲಿ ಗಾಡಿ ಕಲಿತರಂತೆ. ಮೊದಲ ದಿನ ಊರವರೆಲ್ಲ ಹೊರಗೆ ಬಂದು ನಿಂತು ನೋಡಿದರಂತೆ. "ಸೋಮವಾರ ಬನ್ನಿ ತೋರಿಸ್ತೀನಿ" ಅಂದರು ಮಕ್ಕಳಿಗೆ. "ಶನಿವಾರ ಭಾನುವಾರ ಪೇಟೆಯಿಂದ ಬರೋರ ಬಾಟ್ಲಿ, ತಟ್ಟೆ, ಲೋಟ. ಗಾಡಿ ಎರಡು ಸಲ ತುಂಬುತ್ತೆ." ಪ್ಲಾಸ್ಟಿಕ್ ತಟ್ಟೆ ಲೋಟವನ್ನು ಕರ್ನಾಟಕ 2016ರಲ್ಲೇ ನಿಷೇಧ ಮಾಡಿದೆ ಅಂತ ಪುಸ್ತಕ ಓದಿದ್ದ ಹುಡುಗಿಯೊಬ್ಬಳು ಹೇಳಿದಳು. ಅವರು ನಕ್ಕು, "ನಂಗೆ ಯಾರೂ ಹೇಳ್ಲಿಲ್ಲ ಕಣವ್ವ, ಕಸಕ್ಕೂ ಹೇಳಿಲ್ಲ" ಅಂದರು. ಇಬ್ಬರು ಹುಡುಗರು ಜೇಬಿನಿಂದ ಚಾಕಲೇಟ್ ಕಾಗದ ತೆಗೆದು ಗಾಡಿಗೆ ಹಾಕಿದ್ದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಒಳಗೆ ಗೋಡೆಯ ತುಂಬ ಬೋರ್ಡು. ಸದಸ್ಯರ ಹೆಸರು, ಕಾಮಗಾರಿ ಪಟ್ಟಿ, ತೆರಿಗೆ ಲೆಕ್ಕ. ಐದಕ್ಕೆ ಐದು ಬಂದಿದ್ದ ಆ ಹುಡುಗ ಬಾಗಿಲಲ್ಲೇ ನಿಂತು ತುಂಬಾ ಹೊತ್ತು ನೋಡಿದ. "ಹಿಂಗಿರುತ್ತಾ" ಅಂದ ಅಷ್ಟೇ. ಸದಸ್ಯರ ಹೆಸರು ಎಣಿಸಿದ ಹುಡುಗಿಯರಿಗೆ ಅರ್ಧಕ್ಕೆ ಅರ್ಧ ಹೆಂಗಸರು ಅಂತ ಗೊತ್ತಾಯಿತು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ, ಅದರಲ್ಲಿ ಅರ್ಧ ಸ್ಥಾನ ಹೆಂಗಸರಿಗೆ. 73ನೇ ತಿದ್ದುಪಡಿ 1993ರ ಏಪ್ರಿಲ್ 24ಕ್ಕೆ ಜಾರಿಗೆ ಬಂತು. ಅದರ ಜೊತೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗೆ ಕೊಡಬಹುದಾದ 29 ವಿಷಯಗಳಿವೆ. ನಾವು ಪರೀಕ್ಷೆಗೆ ಐದು ಬರೆಸುತ್ತೇವೆ.

ನಲ್ಲಿಯ ದೂರನ್ನು ಪಂಚಾಯಿತಿ ಗುಂಪು ಗಂಭೀರವಾಗಿ ಮುಂದಿಟ್ಟಿತು. ಅಲ್ಲೇ ಇದ್ದ ನೀರುಗಂಟಿ ಓದಿಸಿಕೊಂಡರು. ಆಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಟ್ಯಾಂಕು, ವಾಲ್ವು ತೋರಿಸಿದರು. ಒಂದೇ ಸಲ ಎಲ್ಲ ಕೇರಿಗೂ ಬಿಟ್ಟರೆ ಎತ್ತರದ ಮನೆಗಳಿಗೆ ನೀರು ಏರುವುದಿಲ್ಲ. ಅದಕ್ಕೆ ದಿನ ಬಿಟ್ಟು ದಿನ ಒಂದೊಂದು ಕೇರಿ. ಗುರುವಾರ ಆ ನಲ್ಲಿಯ ಸರದಿ ಅಲ್ಲ. ಮಕ್ಕಳು ದೂರಿನ ಹಾಳೆ ಮಡಿಸಿ ಇಟ್ಟುಕೊಂಡರು. ಬರೆಯುವ ಮುಂಚೆ ಕೇಳಬೇಕಿತ್ತು ಅಂತ ಅವರಲ್ಲೇ ಒಬ್ಬಳು ಹೇಳಿದಳು. ನಾನು ಕಲಿಸಬೇಕಾಗಿದ್ದ ಮಾತು ಅದು.

ಅಜ್ಜನ ಕಣದ ವಿಷಯ ಮಾತ್ರ ಹಾಗಲ್ಲ. ಕಂದಾಯ ಗುಂಪು ಹರಿದ ನೋಟ್‌ಬುಕ್ಕಿನ ನಕ್ಷೆ ತೋರಿಸಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಓ, ಆಸಕ್ತಿಯಿಂದ ನೋಡಿದರು. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಮಾಡಿಸಲು ಅವಕಾಶ ಇದೆ, ಜಾಗ ಸಿಗಬೇಕು, ಗ್ರಾಮ ಸಭೆಯಲ್ಲಿ ಜನ ಕೇಳಿ ಪಟ್ಟಿಗೆ ಸೇರಿಸಬೇಕು ಅಂದರು. ಮಕ್ಕಳ ಮುಖ ಅರಳಿತು. ಹತ್ತೇ ನಿಮಿಷದಲ್ಲಿ 24 ಸಹಿ ಹಾಕಿದ ಅರ್ಜಿ ತಯಾರು.

ಪಿಡಿಓ ಅರ್ಜಿ ಓದಿ ಮೇಜಿನ ಮೇಲಿಟ್ಟರು. "ಚೆನ್ನಾಗಿ ಬರೆದಿದ್ದೀರಿ. ಆದ್ರೆ ನೀವು ಈ ಊರಿನವರಲ್ಲ."

ನಿಜ. ನನ್ನ ಮಕ್ಕಳು ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡುಗಳಲ್ಲಿ ಎಲ್ಲೆಲ್ಲಿಯೋ ಇರುವವರು. ಈ ಊರಿನ ಗ್ರಾಮ ಸಭೆಯಲ್ಲಿ ಅವರಿಗೆ ಮಾತಿಲ್ಲ. ಮೂರು ದಿನ 'ಇದು ಯಾರದು' ಅಂತ ಕೇಳುತ್ತಾ ಬಂದವರಿಗೆ, ಇಲ್ಲಿ ಹೇಳುವ ಹಕ್ಕು ಯಾರದು ಅನ್ನುವುದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಎರಡು ಜಡೆಯ ಹುಡುಗಿ ಮೊದಲು ಚೇತರಿಸಿಕೊಂಡಳು. "ಇಲ್ಲಿನ ಮಕ್ಕಳಿಗೆ ಹೇಳೋಕಾಗುತ್ತಾ ಸರ್?"

ಆಗುತ್ತೆ ಅಂದರು. ಕರ್ನಾಟಕದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕು. ಇಲ್ಲಿ ಮುಂದಿನ ತಿಂಗಳು ಇದೆ.

ಪಕ್ಕದಲ್ಲೇ ಸರ್ಕಾರಿ ಶಾಲೆ. ಶನಿವಾರದ ಬೆಳಗಿನ ತರಗತಿ ಮುಗಿಯುವ ಹೊತ್ತು. ಅಲ್ಲಿನ ಮೇಷ್ಟ್ರು ಸಂತೋಷದಿಂದ ಒಳಗೆ ಕರೆದರು. ಎರಡೂ ಶಾಲೆಯ ಮಕ್ಕಳು ವರಾಂಡದಲ್ಲಿ ಎದುರಾಬದುರು ಕೂತರು. ಮೊದಲು ನಾಚಿಕೆ. ಆಮೇಲೆ ಕೋತಿ ಕಥೆ ಶುರುವಾಯಿತು, ಮಾತು ಹರಿಯಿತು. ಅಜ್ಜ ಅಲ್ಲೊಬ್ಬ ಹುಡುಗನ ಸ್ವಂತ ತಾತ ಅಂತ ಗೊತ್ತಾಯಿತು.

ನಮ್ಮವರು ಅರ್ಜಿಯನ್ನು ಅವರ ಕೈಗೆ ಕೊಟ್ಟರು. ಆ ಊರಿನ ಎಂಟು ಹತ್ತು ಮಕ್ಕಳು ಸುತ್ತ ಸೇರಿ ಓದಿದರು. ತಲೆ ತಲೆ ಸೇರಿಸಿ ಮಾತಾಡಿಕೊಂಡರು. ಆ ಮೊಮ್ಮಗ ಪೆನ್ನು ಕೇಳಿದ. ನಮ್ಮ ನಕ್ಷೆಯಲ್ಲಿದ್ದ ಜಾಗವನ್ನು ಹೊಡೆದು ಹಾಕಿದ. ಅಲ್ಲಿ ಈಗ ಅಂಗನವಾಡಿ ಕಟ್ಟುತ್ತಾರಂತೆ, ಕೆರೆ ಏರಿಯ ಪಕ್ಕದ ಗೋಮಾಳ ಒಳ್ಳೇದಂತೆ. ಅದನ್ನು ಬರೆದ. ಪಕ್ಕದಲ್ಲಿದ್ದ ಹುಡುಗಿ ಅವನ ಕೈಯಿಂದ ಪೆನ್ನು ತಗೊಂಡು ಕೆಳಗೆ ತನ್ನದೊಂದು ಸಾಲು ಸೇರಿಸಿದಳು. ಸಂಜೆ ಹೈಸ್ಕೂಲಿನಿಂದ ಅಕ್ಕಂದಿರು ನಡೆದು ಬರುವ ದಾರಿಯಲ್ಲಿ ಮೂರು ದೀಪದ ಕಂಬ ಉರಿಯುವುದಿಲ್ಲ, ಮೊದಲು ಅದು ಆಗಬೇಕು. ಆಮೇಲೆ 24 ಸಹಿಯ ಮೇಲೆ ಒಂದು ಗೆರೆ ಎಳೆದು, ಅದರ ಕೆಳಗೆ ಅವರೆಲ್ಲ ತಮ್ಮ ತಮ್ಮ ಹೆಸರು ಬರೆದರು.